ಬೇಲ್ ಮೊದಲೋ, ಬ್ಯಾಟ್ ಮೊದಲೋ: ಒಂದು ರನೌಟ್ ತೀರ್ಪಿನ ಪ್ರಕರಣ ಅಧ್ಯಯನ

ಬೆಂಗಳೂರು ದಕ್ಷಿಣದ ಒಂದು ಮೈದಾನದಲ್ಲಿ ಎರಡು ಕ್ಲಬ್‌ಗಳ ನಡುವೆ ನಡೆದ ಪಂದ್ಯದ ಕೊನೆಯ ಎಸೆತ ಈ ಅಧ್ಯಯನದ ವಸ್ತು. ತಂಡಗಳ, ಟೂರ್ನಿಯ, ವ್ಯಕ್ತಿಗಳ ಹೆಸರು ಇಲ್ಲಿ ಬೇಕಿಲ್ಲ. ತೀರ್ಪು ಕೊಟ್ಟ ಅಂಪೈರ್ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು. ಮೈದಾನದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವಕಾಶ ಕಳೆದುಕೊಂಡ ತಂಡ ಆಯೋಜಕರಿಗೆ ಬರೆದ ದೂರಿನಲ್ಲಿ ಎರಡು ಆರೋಪಗಳಿದ್ದವು. ಮೇಷ್ಟ್ರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬುದು ಒಂದು. ಕಾಣುತ್ತದೆ ಎಂದಾದರೆ ಅವರು ಬೇಕೆಂದೇ ತಪ್ಪು ತೀರ್ಪು ಕೊಟ್ಟಿದ್ದಾರೆ ಎಂಬುದು ಇನ್ನೊಂದು.

ನಾನು ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತೇನೆ. ಕಣ್ಣು ಕಂಡದ್ದನ್ನು ಮನಸ್ಸು ತೀರ್ಮಾನವಾಗಿ ಮಾಡಿಕೊಳ್ಳಲು ಎಷ್ಟು ಹೊತ್ತು ಬೇಕು ಎಂಬುದು ನನ್ನ ಪಾಠದ ಭಾಗ. ಇದನ್ನು ತಿಳಿದಿದ್ದ ಆಯೋಜಕರೊಬ್ಬರು ವಿಡಿಯೊಗಳನ್ನು ಕಳುಹಿಸಿ, ‘ಮೇಡಂ, ಮನುಷ್ಯನ ಕಣ್ಣಿಗೆ ಇದು ಕಾಣುವಂಥದ್ದೇ, ನೋಡಿ ಹೇಳಿ’ ಎಂದರು. ದೂರಿನ ಎರಡೂ ಆರೋಪಗಳಿಗಿಂತ ಈ ಪ್ರಶ್ನೆ ಮೇಲು. ಒಳ್ಳೆಯ ದೃಷ್ಟಿಯುಳ್ಳ, ಪ್ರಾಮಾಣಿಕನಾದ ಮನುಷ್ಯನೂ ಎರಡು ಘಟನೆಗಳ ಹಿಂದುಮುಂದನ್ನು ತಲೆಕೆಳಗಾಗಿ ಕಾಣಬಹುದು ಎಂಬ ಮೂರನೆಯ ಸಾಧ್ಯತೆಗೆ ಅದರಲ್ಲಿ ಜಾಗವಿತ್ತು.

ನಡೆದದ್ದು

ಫೆಬ್ರುವರಿಯ ಒಂದು ಭಾನುವಾರ, ಸಂಜೆ ಐದೂವರೆ ದಾಟಿತ್ತು. ಮ್ಯಾಟಿಂಗ್ ವಿಕೆಟ್. ಮೈದಾನದ ಪಶ್ಚಿಮಕ್ಕಿರುವ ಕಟ್ಟಡಗಳ ನೆರಳು ಪಿಚ್ಚಿನ ಒಂದು ತುದಿಯ ನೆಲವನ್ನು ಆವರಿಸಿತ್ತು. ಆ ತುದಿಯ ಸ್ಟಂಪುಗಳ ತಲೆಯ ಮೇಲೆ ಮಾತ್ರ ಇನ್ನೂ ಬಿಸಿಲಿತ್ತು. ಈ ವಿವರ ಮುಂದೆ ಬೇಕಾಗುತ್ತದೆ.

ಗೆಲ್ಲಲು ಎರಡು ರನ್ ಬೇಕು, ಉಳಿದಿದ್ದು ಒಂದೇ ಎಸೆತ. ಬ್ಯಾಟರ್ ಚೆಂಡನ್ನು ಡೀಪ್ ಸ್ಕ್ವೇರ್ ಲೆಗ್ ಕಡೆಗೆ ಹೊಡೆದು ಓಡಿದ. ಮೊದಲ ರನ್ ಸುಲಭವಾಗಿ ಬಂತು. ಎರಡನೆಯದಕ್ಕೆ ತಿರುಗಿ ತನ್ನ ತುದಿಗೆ ವಾಪಸಾಗುವಾಗ ಬೌಂಡರಿಯ ಬಳಿಯಿಂದ ಕ್ಷೇತ್ರರಕ್ಷಕ ಚೆಂಡನ್ನು ನೇರವಾಗಿ ಸ್ಟಂಪಿಗೆ ಎಸೆದ. ಚೆಂಡು ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದ ಮೇಷ್ಟ್ರ ಬೆನ್ನ ಹಿಂದಿನಿಂದ ಬಂದು, ಅವರ ಪಕ್ಕದಲ್ಲೇ ಹಾದು, ಒಂದು ಪುಟ ನೆಗೆದು ಸ್ಟಂಪಿಗೆ ಬಡಿಯಿತು. ಬ್ಯಾಟರ್ ಬ್ಯಾಟನ್ನು ಮುಂದಕ್ಕೆ ಚಾಚಿ ನೆಲಕ್ಕೆ ಉಜ್ಜುತ್ತಾ ಒಳನುಗ್ಗಿದ. ಹನ್ನೊಂದು ಜನರ ಕೂಗು. ಮೇಷ್ಟ್ರು ಬೆರಳೆತ್ತಿದರು. ಪಂದ್ಯ ಸಮವಾಯಿತು, ಟೂರ್ನಿಯ ನಿಯಮದ ಪ್ರಕಾರ ಎದುರಾಳಿಗಳು ಮುಂದಿನ ಸುತ್ತಿಗೆ ಹೋದರು.

ಎರಡು ಮೊಬೈಲುಗಳಲ್ಲಿ ಇದು ಸೆರೆಯಾಗಿತ್ತು. ಮೊದಲನೆಯದು ಸಾಮಾನ್ಯ ವಿಡಿಯೊ, ಸೆಕೆಂಡಿಗೆ 30 ಫ್ರೇಮ್. ಅಂದರೆ ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ 33 ಮಿಲಿಸೆಕೆಂಡ್. ಓಡಿ ಬರುವ ಬ್ಯಾಟರ್ ಸೆಕೆಂಡಿಗೆ ಸುಮಾರು ಆರು ಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲಿ ಬ್ಯಾಟಿನ ತುದಿ 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಈ ವಿಡಿಯೊದ ಒಂದು ಫ್ರೇಮಿನಲ್ಲಿ ಚೆಂಡು ಸ್ಟಂಪಿಗೆ ತಾಗಿದೆ, ಬ್ಯಾಟಿನ ತುದಿ ಕ್ರೀಸಿನ ಗೆರೆಯ ಮೇಲಿದೆ, ಸ್ಟಂಪುಗಳ ತಲೆಯ ಮೇಲಿಡುವ ಪುಟ್ಟ ತುಂಡಾದ ಬೇಲ್ ಇನ್ನೂ ಜಾಗದಲ್ಲೇ ಇದೆ. ಮುಂದಿನ ಫ್ರೇಮಿನಲ್ಲಿ ಬೇಲ್ ಗಾಳಿಯಲ್ಲಿದೆ, ಬ್ಯಾಟ್ ಚೆನ್ನಾಗಿಯೇ ಒಳಗಿದೆ. ಕ್ಷೇತ್ರರಕ್ಷಣೆ ಮಾಡಿದ ತಂಡದವರು ಮೊದಲ ಫ್ರೇಮನ್ನು ನಿಲ್ಲಿಸಿ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದರು. ಬ್ಯಾಟಿಂಗ್ ತಂಡದವರು ಎರಡನೆಯದನ್ನು ಹಾಕಿದರು. ಎರಡೂ ನಿಜವಾದ ಚಿತ್ರಗಳೇ. ಪ್ರಶ್ನೆಗೆ ಉತ್ತರ ಇರುವುದು ಅವೆರಡರ ನಡುವೆ, ಆ ಮೊಬೈಲ್ ಕಾಣದೆ ಬಿಟ್ಟ 33 ಮಿಲಿಸೆಕೆಂಡುಗಳಲ್ಲಿ. ವಿಡಿಯೊವನ್ನು ಎಷ್ಟೇ ನಿಧಾನವಾಗಿ ಓಡಿಸಿದರೂ ಇಲ್ಲದ ಫ್ರೇಮ್ ಹುಟ್ಟುವುದಿಲ್ಲ.

ಎರಡನೆಯ ವಿಡಿಯೊ ಸಿಕ್ಕಿದ್ದು ನಮ್ಮ ಅದೃಷ್ಟ. ಆಟಗಾರನೊಬ್ಬನ ತಮ್ಮ ಅಣ್ಣನ ಬ್ಯಾಟಿಂಗ್ ಶೈಲಿಯನ್ನು ಗಮನಿಸಲೆಂದು ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮ್‌ನಂತೆ, ಕ್ರೀಸಿಗೆ ಸರಿಸುಮಾರು ನೇರದಲ್ಲಿ ಕುಳಿತು ಚಿತ್ರೀಕರಿಸುತ್ತಿದ್ದ. ಅದರಲ್ಲಿ ಒಂದು ಫ್ರೇಮ್ ಎಂದರೆ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಚೆಂಡು ಸ್ಟಂಪಿಗೆ ತಾಗಿದ ಕ್ಷಣವನ್ನು ಸೊನ್ನೆ ಎಂದಿಟ್ಟುಕೊಂಡರೆ, ಎಂಟು ಮಿಲಿಸೆಕೆಂಡಿನ ಹೊತ್ತಿಗೆ ಬ್ಯಾಟಿನ ತುದಿ ಗೆರೆಯ ಹಿಂಬದಿಯ ಅಂಚನ್ನು ದಾಟಿ ಒಳಗೆ ನೆಲಕ್ಕೆ ತಾಗಿದೆ. ಬೇಲ್ ಸ್ಟಂಪಿನ ತಲೆಯಿಂದ ಪೂರ್ತಿ ಕಳಚಿಕೊಂಡದ್ದು ಸುಮಾರು 20 ಮಿಲಿಸೆಕೆಂಡಿಗೆ. ನಿಯಮದ ಪ್ರಕಾರ ಚೆಂಡು ತಾಗಿದರೆ ಸಾಲದು. ಬೇಲ್ ಸ್ಟಂಪುಗಳ ಮೇಲಿನಿಂದ ಸಂಪೂರ್ಣವಾಗಿ ಕಳಚಬೇಕು, ಇಲ್ಲವೇ ಸ್ಟಂಪೇ ನೆಲದಿಂದ ಕಿತ್ತುಬರಬೇಕು. ಹಾಗಾಗಿ ಬ್ಯಾಟರ್ ನಾಟೌಟ್. ಅಂತರ ಮೂರು ಫ್ರೇಮ್, ಸುಮಾರು 12 ಮಿಲಿಸೆಕೆಂಡ್, ನೆಲದ ಮೇಲೆ ಅಳೆದರೆ ಏಳು ಸೆಂಟಿಮೀಟರ್.

ಹನ್ನೆರಡು ಮಿಲಿಸೆಕೆಂಡ್ ಎಂದರೆ ಏನು

ತೀರ್ಪು ತಪ್ಪಾಗಿತ್ತು ಎಂಬುದು ಇಲ್ಲಿಗೆ ಸ್ಪಷ್ಟ. ದೂರು ಕೊಟ್ಟವರು ಇಷ್ಟಕ್ಕೇ ನಿಲ್ಲಿಸಲು ಬಯಸಿದರು. ನನಗೆ ಕೆಲಸ ಆರಂಭವಾದದ್ದೇ ಇಲ್ಲಿಂದ.

ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂದು ಹೇಳುವ ಸಾಮರ್ಥ್ಯವನ್ನು ಮನೋವಿಜ್ಞಾನಿಗಳು ಬಹಳ ಕಾಲದಿಂದ ಅಳೆಯುತ್ತಾ ಬಂದಿದ್ದಾರೆ. 1961ರಲ್ಲಿ ಹರ್ಶ್ ಮತ್ತು ಶೆರಿಕ್ ಎಂಬಿಬ್ಬರು ಅಭ್ಯಾಸವಿದ್ದ ವ್ಯಕ್ತಿಗಳಿಗೆ ಬೆಳಕು, ಶಬ್ದ, ಸ್ಪರ್ಶಗಳ ಜೋಡಿಗಳನ್ನು ಒಡ್ಡಿ ಕೇಳಿದಾಗ, ನಾಲ್ಕರಲ್ಲಿ ಮೂರು ಸಲ ಸರಿಯಾಗಿ ಹೇಳಬೇಕಾದರೆ ಎರಡರ ನಡುವೆ ಸುಮಾರು 20 ಮಿಲಿಸೆಕೆಂಡ್ ಅಂತರ ಬೇಕಾಯಿತು. ಅದೂ ಪ್ರಯೋಗಶಾಲೆಯ ಶಾಂತಿಯಲ್ಲಿ, ಎಲ್ಲಿ ನೋಡಬೇಕು, ಯಾವುದಕ್ಕೆ ಕಾಯಬೇಕು ಎಂದು ಮೊದಲೇ ತಿಳಿದಿರುವಾಗ. ಇಪ್ಪತ್ತು ಮೀಟರ್ ದೂರದಲ್ಲಿ, ಭುಜದ ಪಕ್ಕದಲ್ಲೇ ಚೆಂಡು ಹಾದು ಹೋದ ಮರುಕ್ಷಣದಲ್ಲಿ, 12 ಮಿಲಿಸೆಕೆಂಡಿನ ಹಿಂದುಮುಂದನ್ನು ಬೇರ್ಪಡಿಸುವ ಕಣ್ಣು ಯಾರಿಗೂ ಇಲ್ಲ. ಅಂತರರಾಷ್ಟ್ರೀಯ ಅಂಪೈರಿಗೂ ಇಲ್ಲ. ಅವರಿಗೆ ಮೂರನೇ ಅಂಪೈರ್ ಇದ್ದಾರೆ, ಅಷ್ಟೇ. 1992ರ ನವೆಂಬರ್‌ನಲ್ಲಿ ಡರ್ಬನ್ ಟೆಸ್ಟ್‌ನಲ್ಲಿ ಸಚಿನ್ ತೆಂಡೂಲ್ಕರ್ ಟಿವಿ ಮರುವೀಕ್ಷಣೆಯ ಮೂಲಕ ರನೌಟ್ ಆದ ಮೊದಲ ಬ್ಯಾಟರ್ ಆದದ್ದು ಹಲವರಿಗೆ ನೆನಪಿರಬಹುದು. ಆ ವ್ಯವಸ್ಥೆ ಹುಟ್ಟಿದ್ದೇ ಕಣ್ಣಿನ ಈ ಮಿತಿಯನ್ನು ಆಟ ಒಪ್ಪಿಕೊಂಡಿದ್ದರಿಂದ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಒಪ್ಪಿಕೊಂಡ ಮಿತಿಯನ್ನು ಕೆಲವೇ ಕಿಲೋಮೀಟರ್ ಆಚೆಯ ಮೈದಾನದಲ್ಲಿ ಒಬ್ಬ ವ್ಯಕ್ತಿಯ ದೋಷವೆಂದು ಬರೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಆದರೆ ಮಿತಿ ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಅರ್ಧ ಉತ್ತರವಾಗುತ್ತದೆ. ಹಿಂದುಮುಂದು ತಿಳಿಯದೆ ಹೋದಾಗ ಮನಸ್ಸು ‘ತಿಳಿಯಲಿಲ್ಲ’ ಎಂದು ಹೇಳುವುದಿಲ್ಲ. ಯಾವುದೋ ಒಂದು ಕಡೆಗೆ ವಾಲಿ, ಕಣ್ಣಾರೆ ಕಂಡಂತೆಯೇ ತೋರಿಸುತ್ತದೆ. ಮೇಷ್ಟ್ರ ಮನಸ್ಸು ಔಟ್ ಕಡೆಗೇ ಏಕೆ ವಾಲಿತು?

ಮೇಷ್ಟ್ರು ಕಂಡದ್ದು

ಅವರನ್ನು ಭೇಟಿಯಾದಾಗ ಕಣ್ಣಿನ ತಪಾಸಣೆಯ ಚೀಟಿಯನ್ನು ಮುಂದಿಟ್ಟರು. ದೃಷ್ಟಿ ಸರಿಯಾಗಿತ್ತು. ಆ ಚೀಟಿ ತರಬೇಕಾಯಿತಲ್ಲ ಎಂಬ ನೋವು ಅವರ ಮುಖದಲ್ಲಿತ್ತು. ತೀರ್ಪಿನ ಬಗ್ಗೆ ಏನನ್ನೂ ಸೂಚಿಸದೆ, ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿ ಎಂದು ಕೇಳಿಕೊಂಡೆ.

‘ಚೆಂಡು ನನ್ನ ಹಿಂದಿನಿಂದ ಬಂತು ಮೇಡಂ. ಬಲಗಿವಿಯ ಪಕ್ಕದಲ್ಲೇ ಹೋಯಿತು. ಭುಜ ತಗ್ಗಿಸಿ ಅದರ ಹಿಂದೆಯೇ ನೋಡಿದೆ. ಸ್ಟಂಪಿಗೆ ಬಡಿಯಿತು. ಆಗ ಬ್ಯಾಟ್ ಗೆರೆಯ ಮೇಲಿತ್ತು. ಗೆರೆಯ ಮೇಲಿದ್ದರೆ ಔಟ್ ತಾನೇ?’

ನಿಯಮದ ಪ್ರಕಾರ ಹೌದು, ಗೆರೆಯ ಮೇಲಿದ್ದರೆ ಔಟ್. ಪಾಪಿಂಗ್ ಕ್ರೀಸ್ ಎಂದರೆ ಬಿಳಿ ಗೆರೆಯ ಹಿಂಬದಿಯ ಅಂಚು. ಈಗ ಅವರ ಮಾತನ್ನು 240 ಫ್ರೇಮಿನ ವಿಡಿಯೊದ ಪಕ್ಕದಲ್ಲಿಟ್ಟು ನೋಡಿ. ಚೆಂಡು ಸ್ಟಂಪಿಗೆ ಬಡಿದಾಗ ಬ್ಯಾಟ್ ಎಲ್ಲಿತ್ತು? ಗೆರೆಯ ಮೇಲೆಯೇ. ಅವರು ಕಂಡದ್ದು ಸುಳ್ಳಲ್ಲ. ಅವರ ಕಣ್ಣು ಚೆಂಡನ್ನು ಹಿಂಬಾಲಿಸುತ್ತಿತ್ತು. ಚೆಂಡಿನ ಪ್ರಯಾಣ ಮುಗಿದ ಕ್ಷಣವೇ ಅವರಿಗೆ ಘಟನೆಯಾಯಿತು. ಬೇಲ್ ಕಳಚಿದ್ದು ಅದಾದ 20 ಮಿಲಿಸೆಕೆಂಡಿನ ನಂತರ. ಅಷ್ಟು ಸಣ್ಣ ಅವಧಿಯಲ್ಲಿ ಆದ ಎರಡನ್ನೂ ಮನಸ್ಸು ಒಂದೇ ಘಟನೆಯಾಗಿ ಬೆಸೆದುಬಿಟ್ಟಿತು. ನ್ಯಾಯ ನಿಂತಿದ್ದದ್ದು ಆ ಬೆಸುಗೆಯೊಳಗೆ.

ಇದರ ಮೇಲೆ ಗಮನದ ಪರಿಣಾಮ ಸೇರಿಕೊಳ್ಳುತ್ತದೆ. ಗಮನ ಯಾವುದರ ಮೇಲಿದೆಯೋ ಅದು ಗಮನವಿಲ್ಲದ್ದಕ್ಕಿಂತ ಮೊದಲು ನಡೆದಂತೆ ಕಾಣುತ್ತದೆ ಎಂಬುದನ್ನು ಮನೋವಿಜ್ಞಾನಿ ಟಿಚನರ್ 1908ರಲ್ಲೇ ಒಂದು ನಿಯಮವಾಗಿ ಬರೆದರು. ಮುಂದಿನ ಪ್ರಯೋಗಗಳು ಇದನ್ನು ದೃಢಪಡಿಸಿವೆ. ವ್ಯತ್ಯಾಸ ಹತ್ತಾರು ಮಿಲಿಸೆಕೆಂಡಿನಷ್ಟಿರಬಹುದು. ನಮ್ಮ ಪ್ರಕರಣದ 12 ಮಿಲಿಸೆಕೆಂಡನ್ನು ನುಂಗಲು ಅದೊಂದೇ ಸಾಕು. ಮೇಷ್ಟ್ರ ಗಮನ ಸ್ಟಂಪಿನ ಮೇಲಿತ್ತು, ಸ್ಟಂಪಿನ ಘಟನೆ ಮೊದಲಾಯಿತು. ಶಾಮಿಯಾನದ ಕೆಳಗೆ ಕುಳಿತ ಬ್ಯಾಟಿಂಗ್ ತಂಡದವರ ಗಮನವೆಲ್ಲ ತಮ್ಮ ಹುಡುಗನ ಬ್ಯಾಟಿನ ಮೇಲಿತ್ತು, ಅವರಿಗೆ ಬ್ಯಾಟ್ ಮೊದಲಾಯಿತು. ‘ದೇವರಾಣೆಗೂ ಒಳಗಿತ್ತು’ ಎಂದ ಹುಡುಗರೂ ‘ದೇವರಾಣೆಗೂ ಹೊರಗಿತ್ತು’ ಎಂದ ವಿಕೆಟ್‌ಕೀಪರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು. ಈ ಪ್ರಕರಣದಲ್ಲಿ ಸುಳ್ಳು ಹೇಳಿದ ಒಬ್ಬರೂ ನನಗೆ ಸಿಗಲಿಲ್ಲ, ಮತ್ತು ಇದು ಎರಡೂ ತಂಡಗಳಿಗೆ ಗೊತ್ತಾಗಬೇಕು ಎಂದು ನನಗೆ ಬಲವಾಗಿ ಅನಿಸಿತು.

ಬೆಳಕಿನ ವಿಷಯವೂ ಇದೆ. ಮಂದ ಬೆಳಕಿನಲ್ಲಿರುವ ವಸ್ತುವಿನ ಸುದ್ದಿ ಕಣ್ಣಿನಿಂದ ಮಿದುಳಿಗೆ ತಡವಾಗಿ ತಲುಪುತ್ತದೆ. 1922ರಲ್ಲಿ ಜರ್ಮನಿಯ ಕಾರ್ಲ್ ಪುಲ್‌ಫ್ರಿಕ್ ವಿವರಿಸಿದ ಪರಿಣಾಮದ ಮೂಲ ಇದು: ಒಂದು ಕಣ್ಣಿಗೆ ಕಪ್ಪು ಗಾಜು ಹಿಡಿದು ನೋಡಿದರೆ, ಅಡ್ಡಲಾಗಿ ತೂಗಾಡುವ ಲೋಲಕ ಸುತ್ತು ಹೊಡೆದಂತೆ ಕಾಣುತ್ತದೆ. ಕಪ್ಪು ಗಾಜಿನ ಕಣ್ಣಿನ ಸುದ್ದಿ ತಡವಾಗುವುದೇ ಕಾರಣ. ಬೆಳಕು ಹತ್ತು ಪಟ್ಟು ಕುಗ್ಗಿದರೆ ವಿಳಂಬ ಸುಮಾರು ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಆ ಸಂಜೆ ಬೇಲ್‌ಗಳು ಬಿಸಿಲಿನಲ್ಲಿದ್ದವು, ಗೆರೆಯೂ ಬ್ಯಾಟಿನ ತುದಿಯೂ ನೆರಳಿನಲ್ಲಿದ್ದವು. ಇಳಿಬಿಸಿಲಾದ್ದರಿಂದ ವ್ಯತ್ಯಾಸ ಹತ್ತು ಪಟ್ಟು ಇರಲಾರದು. ಕೆಲವೇ ಮಿಲಿಸೆಕೆಂಡ್ ಎಂದಿಟ್ಟುಕೊಳ್ಳೋಣ. ಅಷ್ಟೂ ಬ್ಯಾಟರ್‌ನ ವಿರುದ್ಧವೇ ಹೋಯಿತು.

ಶಬ್ದವನ್ನೂ ಪರಿಶೀಲಿಸಿದೆ, ಏಕೆಂದರೆ ‘ಟಕ್ ಎಂದು ಕೇಳಿತು’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಇಪ್ಪತ್ತು ಮೀಟರ್ ದಾಟಲು ಶಬ್ದಕ್ಕೆ 57 ಮಿಲಿಸೆಕೆಂಡ್ ಬೇಕು. ಚೆಂಡು ಬಡಿದ ಶಬ್ದ ಮೇಷ್ಟ್ರ ಕಿವಿಗೆ ಬಂದಾಗ ಬೇಲ್ ಕಳಚಿ ಆಗಲೇ 37 ಮಿಲಿಸೆಕೆಂಡ್ ಆಗಿತ್ತು. ಆದರೆ ಕಿವಿಯ ಸುದ್ದಿ ಕಣ್ಣಿನ ಸುದ್ದಿಗಿಂತ ಮೂವತ್ತು ನಲವತ್ತು ಮಿಲಿಸೆಕೆಂಡಿನಷ್ಟು ಬೇಗ ಮಿದುಳಿನಲ್ಲಿ ಸಿದ್ಧವಾಗುತ್ತದೆ. ಎರಡೂ ಹೆಚ್ಚುಕಡಿಮೆ ಸರಿತೂಗುತ್ತವೆ: ಸ್ಕ್ವೇರ್ ಲೆಗ್ ಅಂಪೈರ್ ನಿಲ್ಲುವ ದೂರದಲ್ಲಿ ‘ಟಕ್’ ಶಬ್ದ ಬೇಲ್ ಹಾರುವುದರ ಜೊತೆಗೇ ಆದಂತೆ ಅನಿಸಬೇಕು. ಇಲ್ಲಿ ಶಬ್ದವನ್ನು ದೂರುವಂತಿಲ್ಲ.

ಬ್ಯಾಟರ್‌ಗೆ ಅನುಕೂಲವಾಗಿ ಕೆಲಸ ಮಾಡಬೇಕಿದ್ದ ಒಂದು ಸಂಗತಿಯೂ ಇತ್ತು. ಚಲಿಸುವ ವಸ್ತುವಿನ ಪಕ್ಕದಲ್ಲಿ ಫಕ್ಕನೆ ಏನಾದರೂ ಮಿಂಚಿದರೆ, ಚಲಿಸುವ ವಸ್ತು ತಾನಿರುವ ಜಾಗಕ್ಕಿಂತ ಮುಂದಿರುವಂತೆ ಕಾಣುತ್ತದೆ. ರೋಮಿ ನಿಝಾವನ್ 1994ರಲ್ಲಿ ಇದನ್ನು ತೋರಿಸಿದ ಮೇಲೆ ದೃಷ್ಟಿವಿಜ್ಞಾನದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಬ್ಯಾಟ್ ಚಲಿಸುತ್ತಿತ್ತು, ಬೇಲ್ ಫಕ್ಕನೆ ಹಾರಿತು. ಆದರೂ ತೀರ್ಪು ಔಟ್ ಆಯಿತೆಂದರೆ ಗಮನದ ಸೆಳೆತ ಇದನ್ನು ಮೀರಿಸಿತೆಂದೇ ನಾನು ತಿಳಿಯುತ್ತೇನೆ. ಇಂಥ ತಪ್ಪುಗಳು ಎಲ್ಲೆಂದರಲ್ಲಿ ಚೆದುರಿ ಬೀಳುವುದಿಲ್ಲ, ಒಂದು ದಿಕ್ಕಿಗೆ ವಾಲುತ್ತವೆ ಎಂಬುದಕ್ಕೆ ಟೆನಿಸ್‌ನಲ್ಲಿ ಒಳ್ಳೆಯ ದಾಖಲೆಯಿದೆ. ವಿಂಬಲ್ಡನ್‌ನ ನಾಲ್ಕು ಸಾವಿರಕ್ಕೂ ಹೆಚ್ಚು ಅಂಕಗಳನ್ನು ಪರಿಶೀಲಿಸಿ ಡೇವಿಡ್ ವಿಟ್ನಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 83 ತಪ್ಪು ತೀರ್ಪುಗಳು ಸಿಕ್ಕವು. ಅವುಗಳಲ್ಲಿ 70 ಒಳಗೆ ಬಿದ್ದ ಚೆಂಡನ್ನು ಹೊರಗೆ ಎಂದು ಕೂಗಿದವು. ತಪ್ಪಿಗೆ ದಿಕ್ಕಿದೆ ಎಂದರೆ ಕಾರಣವಿದೆ. ಕಾರಣವಿದ್ದರೆ ತರಬೇತಿಗೆ ದಾರಿಯಿದೆ.

‘ಸಮಯ ತೆಗೆದುಕೊಳ್ಳಬೇಕಿತ್ತು’ ಎಂಬ ಆಕ್ಷೇಪ

ಆಯೋಜಕರ ಸಭೆಯಲ್ಲಿ ಹೆಚ್ಚು ಕೇಳಿದ ಮಾತು ಇದು. ಬೇಲ್ ಹಾರಿ ಒಂದು ಸೆಕೆಂಡ್ ಆಗುವಷ್ಟರಲ್ಲಿ ಬೆರಳು ಮೇಲೆದ್ದಿರುವುದು ವಿಡಿಯೊದಲ್ಲಿ ಕಾಣುತ್ತದೆ. ಆತುರವೇ ತಪ್ಪಿಗೆ ಕಾರಣ, ಮೂರು ಸೆಕೆಂಡ್ ತಡೆದಿದ್ದರೆ ಸರಿಯಾದ ತೀರ್ಪು ಬರುತ್ತಿತ್ತು ಎಂದು ಒಬ್ಬ ಹಿರಿಯ ಆಟಗಾರರು ವಾದಿಸಿದರು. ಕೇಳಲು ಸರಿಯೆನಿಸುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣದ ಗಂಟು ಇಲ್ಲಿದೆ.

ಹೆಚ್ಚು ಹೊತ್ತು ನೋಡಿದರೆ ಹೆಚ್ಚು ಸರಿಯಾಗಿ ತೀರ್ಮಾನಿಸುತ್ತೇವೆ ಎಂಬುದು ನಿಜ, ಆದರೆ ನೋಡುವುದಕ್ಕೆ ಎದುರಿಗೆ ಏನಾದರೂ ಇರುವ ತನಕ. ಪ್ರಯೋಗಶಾಲೆಗಳಲ್ಲಿ ಇದಕ್ಕೆ ಬಳಸುವ ಪರೀಕ್ಷೆಯೊಂದಿದೆ. ಪರದೆಯ ಮೇಲೆ ನೂರಾರು ಚುಕ್ಕಿಗಳು ಅಡ್ಡಾದಿಡ್ಡಿ ಓಡಾಡುತ್ತಿರುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಒಂದೇ ದಿಕ್ಕಿಗೆ ಸರಿಯುತ್ತವೆ. ಎಡಕ್ಕೋ ಬಲಕ್ಕೋ ಹೇಳಬೇಕು. ಕ್ಷಣ ಕ್ಷಣಕ್ಕೂ ಸಿಗುವ ಸಣ್ಣ ಸಣ್ಣ ಸುಳಿವುಗಳನ್ನು ಮನಸ್ಸು ಕೂಡುತ್ತಾ ಹೋಗಿ, ಮೊತ್ತ ಒಂದು ಮಿತಿಯನ್ನು ಮುಟ್ಟಿದಾಗ ಉತ್ತರ ಹೇಳುತ್ತದೆ. ರೋಜರ್ ರ್‍ಯಾಟ್‌ಕ್ಲಿಫ್ 1978ರಲ್ಲಿ ಮುಂದಿಟ್ಟ ಗಣಿತ ಮಾದರಿಯ ತಿರುಳು ಇದು. ಬೇಗ ಹೇಳು ಎಂದು ಒತ್ತಾಯಿಸಿದರೆ ಮಿತಿ ಕೆಳಗಿಳಿಯುತ್ತದೆ, ತಪ್ಪು ಹೆಚ್ಚುತ್ತದೆ. ನಿಧಾನವಾಗಿ ಹೇಳು ಎಂದರೆ ಮಿತಿ ಏರುತ್ತದೆ, ತಪ್ಪು ಇಳಿಯುತ್ತದೆ. ಹಿರಿಯ ಆಟಗಾರರ ಮಾತಿಗೆ ಆಧಾರ ಇಲ್ಲಿದೆ.

ಆದರೆ ರನೌಟ್ ಚುಕ್ಕಿಗಳ ಪರದೆಯಲ್ಲ. ಇಲ್ಲಿ ಸುಳಿವು ಸಿಗುವುದು ಕೆಲವೇ ಹತ್ತು ಮಿಲಿಸೆಕೆಂಡುಗಳ ಕಾಲ. ಆಮೇಲೆ ಜಗತ್ತಿನಲ್ಲಿ ಅದು ಇರುವುದೇ ಇಲ್ಲ. ಕಣ್ಣಿನಲ್ಲಿ ಉಳಿದ ಅಚ್ಚನ್ನಾದರೂ ಓದಬಹುದಲ್ಲ ಎಂದರೆ, ಜಾರ್ಜ್ ಸ್ಪರ್ಲಿಂಗ್ 1960ರಲ್ಲಿ ಅದರ ಆಯುಸ್ಸನ್ನೂ ಅಳೆದರು. ಅಕ್ಷರಗಳ ಸಾಲುಗಳನ್ನು 50 ಮಿಲಿಸೆಕೆಂಡ್ ಮಾತ್ರ ತೋರಿಸಿ, ನಂತರ ಒಂದು ಸ್ವರದ ಮೂಲಕ ಯಾವ ಸಾಲು ಓದಬೇಕೆಂದು ಸೂಚಿಸಿದರು. ಸೂಚನೆ ತಕ್ಷಣ ಬಂದರೆ ಜನ ಚೆನ್ನಾಗಿ ಓದಿದರು. ಸೂಚನೆ ತಡವಾದಷ್ಟೂ ಆ ಅಚ್ಚು ಮಾಸಿತು. ಒಂದು ಸೆಕೆಂಡಿನ ಹೊತ್ತಿಗೆ ಅದರಿಂದ ಏನೂ ಲಾಭ ಉಳಿದಿರಲಿಲ್ಲ. ಹಾಗಾಗಿ ಬೆರಳೆತ್ತುವ ಮುನ್ನ ಮೂರು ಸೆಕೆಂಡ್ ನಿಂತ ಅಂಪೈರ್‌ಗೆ ಒಂದು ಮಿಲಿಸೆಕೆಂಡಿನಷ್ಟು ಹೊಸ ಸಾಕ್ಷ್ಯವೂ ಸಿಗುವುದಿಲ್ಲ. ಆ ಮೂರು ಸೆಕೆಂಡಿನಲ್ಲಿ ಬರುವುದು ಹನ್ನೊಂದು ಜನರ ಕೂಗು, ಬ್ಯಾಟರ್‌ನ ಮುಖ, ಪಂದ್ಯದ ಸ್ಥಿತಿಯ ನೆನಪು. ಕೂಗಿಗೆ ಬೆದರುವ ಸ್ವಭಾವದವರಿಗೆ ಆ ಬಿಡುವಿನಿಂದ ಸಮಾಧಾನ ಸಿಗಬಹುದು, ಅಷ್ಟರ ಮಟ್ಟಿಗೆ ಅದು ಒಳ್ಳೆಯದು. ಕಣ್ಣಿಗೆ ಅದರಿಂದ ಸಹಾಯವಿಲ್ಲ.

ಕಣ್ಣಿಗೆ ಸಹಾಯ ಮಾಡಬಲ್ಲದ್ದು ಘಟನೆಗೆ ಮುಂಚಿನ ಸಮಯ. ಚೆಂಡು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಮೇಷ್ಟ್ರನ್ನು ಹಾದು ಹೋಗಿ ಸ್ಟಂಪಿಗೆ ತಲುಪಲು ಸುಮಾರು 0.9 ಸೆಕೆಂಡ್ ಬೇಕಾಯಿತು. ಅಷ್ಟರಲ್ಲಿ ಅವರು ಚೆಂಡಿನಿಂದ ತಪ್ಪಿಸಿಕೊಂಡು, ಮುಖ ತಿರುಗಿಸಿ, ನೋಟವನ್ನು ಎಲ್ಲಿಡಬೇಕೆಂದು ನಿರ್ಧರಿಸಬೇಕಿತ್ತು. ನೋಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಿಸಲು ಕಣ್ಣಿಗೆ ತಯಾರಿಯೇ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ, ಮತ್ತು ಹಾಯುತ್ತಿರುವ ಹೊತ್ತಿನಲ್ಲಿ ಕಣ್ಣು ಬಹುಪಾಲು ಕುರುಡು. ಸ್ಟಂಪಿಗೂ ಪಾಪಿಂಗ್ ಕ್ರೀಸಿಗೂ ಅಂತರ 1.22 ಮೀಟರ್, ಇಪ್ಪತ್ತು ಮೀಟರ್ ದೂರದಿಂದ ಅದು ಮೂರೂವರೆ ಡಿಗ್ರಿ. ನಮ್ಮ ತೀಕ್ಷ್ಣ ದೃಷ್ಟಿಯ ವಲಯವೋ ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟೇ ಅಗಲ, ಎರಡು ಡಿಗ್ರಿಯೊಳಗೆ. ಹಾಗಾಗಿ ಸ್ಟಂಪನ್ನೂ ಗೆರೆಯನ್ನೂ ಏಕಕಾಲದಲ್ಲಿ ತೀಕ್ಷ್ಣವಾಗಿ ನೋಡುವುದು ಸಾಧ್ಯವಿಲ್ಲ. ಒಂದನ್ನು ಆರಿಸಿಕೊಳ್ಳಲೇಬೇಕು.

ಯಾವುದನ್ನು? ಅನುಭವಿ ಅಂಪೈರ್‌ಗಳು ಕಿರಿಯರಿಗೆ ಹೇಳಿಕೊಡುವುದು ಗೆರೆಯನ್ನು ನೋಡು ಎಂದು. ಇದಕ್ಕೆ ಗಟ್ಟಿಯಾದ ಕಾರಣವಿದೆ. ಬೇಲ್ ಹಾರುವುದು ದೊಡ್ಡ, ಹಠಾತ್ತಾದ ಚಲನೆ. ಕಣ್ಣಂಚಿನ ದೃಷ್ಟಿ ಸೂಕ್ಷ್ಮ ವಿವರಗಳಲ್ಲಿ ದುರ್ಬಲವಾದರೂ ಇಂಥ ಚಲನೆಯನ್ನು ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ‘ಟಕ್’ ಶಬ್ದದ ನೆರವೂ ಇದೆ. ಬ್ಯಾಟಿನ ತುದಿ ಗೆರೆಯ ಹಿಂಬದಿಯ ಅಂಚನ್ನು ದಾಟಿತೇ ಎಂಬುದು ಸೆಂಟಿಮೀಟರ್‌ಗಳ ಲೆಕ್ಕ. ಅದಕ್ಕೆ ತೀಕ್ಷ್ಣ ದೃಷ್ಟಿಯೇ ಬೇಕು. ಮೇಷ್ಟ್ರಿಗೂ ಈ ಪಾಠ ಗೊತ್ತಿತ್ತು, ಶಿಷ್ಯರಿಗೆ ಹೇಳಿಕೊಟ್ಟಿದ್ದರು ಕೂಡ. ಆದರೆ ಬೆನ್ನ ಹಿಂದಿನಿಂದ ಬಂದು ಕಿವಿಯ ಪಕ್ಕ ಹಾದು ಹೋದ ಚೆಂಡಿನ ಸೆಳೆತವನ್ನು ಮೀರಲು ಪಾಠ ಗೊತ್ತಿದ್ದರೆ ಸಾಲದು, ದೇಹಕ್ಕೆ ಅಭ್ಯಾಸವಾಗಿರಬೇಕು.

ಗ್ರೀನಿಚ್‌ನ ಸಹಾಯಕ

ಸಭೆಯಲ್ಲಿ ನಾನು ಒಂದು ಹಳೆಯ ಪ್ರಸಂಗವನ್ನು ಹೇಳಿದೆ. 1796ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿ ಮುಖ್ಯ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್ ತಮ್ಮ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದರು. ದೂರದರ್ಶಕದ ತಂತಿಯನ್ನು ನಕ್ಷತ್ರ ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಶಬ್ದ ಕೇಳುತ್ತಾ ಗುರುತಿಸುವುದು ಅವನ ಕೆಲಸ: ಕಣ್ಣಿನ ಘಟನೆಯನ್ನೂ ಕಿವಿಯ ಘಟನೆಯನ್ನೂ ಹೊಂದಿಸುವುದು. ಅವನ ಲೆಕ್ಕ ಮ್ಯಾಸ್ಕೆಲಿನ್ ಲೆಕ್ಕಕ್ಕಿಂತ 0.8 ಸೆಕೆಂಡ್ ತಡವಾಗಿ ಬರುತ್ತಿತ್ತು. ಎಚ್ಚರಿಸಿದರೂ ತಿದ್ದಿಕೊಳ್ಳಲಾಗಲಿಲ್ಲ. ಅವನ ವೀಕ್ಷಣೆಯ ಕ್ರಮವೇ ಕೆಟ್ಟಿದೆ ಎಂಬ ತೀರ್ಮಾನವಾಯಿತು.

ಸುಮಾರು ಕಾಲು ಶತಮಾನದ ನಂತರ ಜರ್ಮನಿಯ ಖಗೋಳಜ್ಞ ಬೆಸೆಲ್ ಈ ವಿವರವನ್ನು ಓದಿ, ಪಳಗಿದ ವೀಕ್ಷಕರನ್ನೇ ಪರಸ್ಪರ ಹೋಲಿಸಿ ನೋಡಿದರು. ಹೆಸರಾಂತ ಖಗೋಳಜ್ಞರ ನಡುವೆಯೂ ಅಂಥದ್ದೇ ವ್ಯತ್ಯಾಸಗಳಿದ್ದವು. ಯಾರದೂ ಅಜಾಗರೂಕತೆಯಲ್ಲ. ಮನುಷ್ಯರು ಘಟನೆಗಳ ಹೊತ್ತನ್ನು ಗ್ರಹಿಸುವ ರೀತಿಯೇ ಒಬ್ಬರಿಂದೊಬ್ಬರಿಗೆ ಬೇರೆ. ಆಮೇಲೆ ಖಗೋಳಜ್ಞರು ಪ್ರತಿಯೊಬ್ಬ ವೀಕ್ಷಕನ ವಾಲಿಕೆಯನ್ನು ಅಳೆದು ಲೆಕ್ಕದಲ್ಲಿ ಸರಿದೂಗಿಸಲು ಕಲಿತರು, ಮತ್ತು ಪ್ರತಿಕ್ರಿಯೆಯ ಸಮಯವನ್ನು ಅಳೆಯುವ ಮನೋವಿಜ್ಞಾನ ಬೆಳೆದದ್ದು ಆ ಸಮಸ್ಯೆಯ ಸುತ್ತಲೇ. ಕಿನ್ನೆಬ್ರೂಕ್‌ಗೆ ಆ ಕೆಲಸ ಮತ್ತೆ ಸಿಗಲಿಲ್ಲ. ದೂರಿನ ಪತ್ರದಲ್ಲಿದ್ದ ‘ದೃಷ್ಟಿದೋಷ’ ಎಂಬ ಪದವನ್ನು ಟೂರ್ನಿಯ ದಾಖಲೆಯಿಂದ ತೆಗೆಯಬೇಕೆಂದು ನಾನು ಪಟ್ಟು ಹಿಡಿದದ್ದು ಈ ಕಾರಣಕ್ಕೆ. ತೆಗೆದರು.

ಏನು ಮಾಡಿದೆವು

ಫಲಿತಾಂಶ ಬದಲಾಗಲಿಲ್ಲ. ಅಂಪೈರ್ ತನ್ನ ತೀರ್ಪನ್ನು ಬದಲಿಸಬಹುದಾದರೂ ಅದನ್ನು ತಡಮಾಡದೆ ಮಾಡಬೇಕೆಂದು ನಿಯಮ ಹೇಳುತ್ತದೆ. ವಾರ ಕಳೆದ ಮೇಲೆ ಮೊಬೈಲ್ ವಿಡಿಯೊ ಹಿಡಿದು ಬದಲಿಸಲು ಬರುವುದಿಲ್ಲ. ಬ್ಯಾಟಿಂಗ್ ತಂಡದ ನಾಯಕನಿಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ‘ನಾಟೌಟ್ ಅಂತ ನೀವೇ ಹೇಳುತ್ತಿದ್ದೀರಿ ಮೇಡಂ, ಮತ್ತೆ ನಾವು ಮನೆಗೆ ಹೋಗಬೇಕೇ?’ ಎಂದು ಕೇಳಿದ. ಅವನ ಸಂಕಟ ನ್ಯಾಯವಾದದ್ದು. 240 ಫ್ರೇಮಿನ ವಿಡಿಯೊವನ್ನು ಅವನಿಗೂ ವಿಕೆಟ್‌ಕೀಪರಿಗೂ ಒಟ್ಟಿಗೆ ಕೂರಿಸಿ ತೋರಿಸಿದೆ. ಸೊನ್ನೆಯಿಂದ ಇಪ್ಪತ್ತು ಮಿಲಿಸೆಕೆಂಡಿನ ತನಕ ಒಂದೊಂದೇ ಫ್ರೇಮ್ ಸರಿಸಿದಾಗ ಇಬ್ಬರೂ ತಾವು ಕಂಡ ಕ್ಷಣವನ್ನು ಗುರುತಿಸಿದರು: ಕೀಪರ್ ತೋರಿಸಿದ್ದು ಚೆಂಡು ತಾಗಿದ ಫ್ರೇಮ್, ನಾಯಕ ತೋರಿಸಿದ್ದು ಬ್ಯಾಟ್ ನೆಲಕ್ಕೆ ತಾಗಿದ ಫ್ರೇಮ್. ಅವೆರಡರ ನಡುವೆ ಇದ್ದದ್ದು ಎಂಟು ಮಿಲಿಸೆಕೆಂಡ್. ಪಕ್ಷಪಾತದ ಆರೋಪವನ್ನು ನಾಯಕ ಅಲ್ಲೇ ಹಿಂತೆಗೆದುಕೊಂಡ.

ತರಬೇತಿಗೆ ನಾವು ರೂಪಿಸಿದ್ದು ಸರಳವಾದ ಅಭ್ಯಾಸ. ಅಂಪೈರ್ ಸ್ಕ್ವೇರ್ ಲೆಗ್‌ನಲ್ಲಿ ನಿಲ್ಲುತ್ತಾರೆ. ಹುಡುಗರು ಎಲ್ಲ ದಿಕ್ಕುಗಳಿಂದ, ವಿಶೇಷವಾಗಿ ಅವರ ಬೆನ್ನ ಹಿಂದಿನಿಂದ, ಸ್ಟಂಪಿಗೆ ಎಸೆಯುತ್ತಾರೆ. ಒಬ್ಬ ಬ್ಯಾಟ್ ಹಿಡಿದು ಓಡಿ ಬರುತ್ತಾನೆ. ಕ್ಷೇತ್ರರಕ್ಷಕ ಚೆಂಡನ್ನು ಕೈಗೆತ್ತಿಕೊಂಡ ಕೂಡಲೇ ಅಂಪೈರ್ ಚೆಂಡಿನತ್ತ ಬೆನ್ನು ಹಾಕಿ, ಎಸೆತದ ದಾರಿಯಿಂದ ಪಕ್ಕಕ್ಕೆ ಸರಿದು, ಕ್ರೀಸಿನ ನೇರಕ್ಕೆ ಬಂದು ಅಲುಗಾಡದೆ ನಿಲ್ಲಬೇಕು, ನೋಟವನ್ನು ಗೆರೆಯ ಮೇಲಿಡಬೇಕು. ಚೆಂಡು ಎಲ್ಲಿದೆ ಎಂದು ಹುಡುಕಬಾರದು. ಅದು ತಾನಾಗಿಯೇ ಕಣ್ಣಂಚಿಗೆ ಬರುತ್ತದೆ. ತೀರ್ಪು ಕೊಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದೇ: ಬೇಲ್ ಹೋದಾಗ ಬ್ಯಾಟಿಗೂ ಗೆರೆಗೂ ನಡುವೆ ನೆಲ ಕಂಡಿತೇ? ಕಂಡಿದ್ದರೆ ಔಟ್. ‘ಗೆರೆಯ ಮೇಲಿತ್ತು ಅನಿಸುತ್ತದೆ’ ಎಂಬುದು ಕಣ್ಣಿನ ಮಿತಿಯೊಳಗಿನ ಮಾತು. ಅದರ ಲಾಭ ಬ್ಯಾಟರ್‌ಗೆ ಹೋಗಬೇಕು.

ಮೇಷ್ಟ್ರೇ ಮೊದಲು ನಿಂತರು. ಬೆನ್ನ ಹಿಂದಿನ ಎಸೆತಕ್ಕೆ ಆರಂಭದಲ್ಲಿ ಅವರ ತಲೆ ಪ್ರತಿ ಸಲವೂ ಚೆಂಡಿನ ಕಡೆಗೇ ತಿರುಗುತ್ತಿತ್ತು. ಮೊದಲು ಕಲಿಯಬೇಕಾದದ್ದು ಕಾಲಿನ ಕೆಲಸ ಎಂದು ಅವರೇ ಗುರುತಿಸಿದರು. ಎಸೆತದ ದಾರಿಯಿಂದ ಸಾಕಷ್ಟು ದೂರ ಸರಿದರೆ ಏಟು ಬೀಳುವ ಭಯವಿರುವುದಿಲ್ಲ. ಭಯವಿಲ್ಲದಿದ್ದರೆ ತಲೆ ತಿರುಗುವುದಿಲ್ಲ. ನಾನು ಕಣ್ಣಿನ ಬಗ್ಗೆಯೇ ಯೋಚಿಸುತ್ತಿದ್ದೆ. ಈ ಮಾತು ಬಂದದ್ದು ಮೈದಾನದಲ್ಲಿ ಬದುಕು ಕಳೆದವರಿಂದ. ಈಗ ಅಭ್ಯಾಸದ ಮೊದಲ ಭಾಗವೇ ಅದು.

ಎರಡೂ ತುದಿಗಳಲ್ಲಿ ಕ್ರೀಸಿನ ನೇರಕ್ಕೆ ಟ್ರೈಪಾಡ್ ಇಟ್ಟು 240 ಫ್ರೇಮಿನಲ್ಲಿ ಚಿತ್ರೀಕರಿಸುವ ಪ್ರಸ್ತಾವವೂ ಬಂತು. ಅಂತಿಮ ಹಂತದ ಪಂದ್ಯಗಳಿಗೆ ಅದನ್ನು ಒಪ್ಪಿಕೊಂಡರು, ಮತ್ತು ನಾನು ಅದನ್ನು ಬೆಂಬಲಿಸಿದೆ. ಆದರೆ ತರಬೇತಿಗೆ ಇಟ್ಟ ಹಣವನ್ನು ಕ್ಯಾಮೆರಾಕ್ಕೆ ತಿರುಗಿಸುವ ಮಾತು ಬಂದಾಗ ವಿರೋಧಿಸಿದೆ. ಈ ಊರಿನಲ್ಲಿ ಭಾನುವಾರ ಬೆಳಗಾದರೆ ಒಂದೇ ಮೈದಾನದಲ್ಲಿ ಹಲವು ಪಂದ್ಯಗಳು ಒಂದರ ಬೌಂಡರಿಯೊಳಗೆ ಇನ್ನೊಂದು ಸೇರಿಕೊಂಡು ನಡೆಯುತ್ತವೆ. ಅವುಗಳಲ್ಲಿ ಬಹುತೇಕ ಪಂದ್ಯಗಳಿಗೆ ಟ್ರೈಪಾಡ್ ಇಡಲು ಜಾಗವೂ ಇಲ್ಲ, ಅದನ್ನು ನೋಡಿಕೊಳ್ಳಲು ಜನವೂ ಇಲ್ಲ. ಅಲ್ಲಿ ಇರುವುದು ಸ್ಕ್ವೇರ್ ಲೆಗ್‌ನಲ್ಲಿ ನಿಂತ ಒಬ್ಬ ಮನುಷ್ಯ ಮಾತ್ರ. ಹಣ ತರಬೇತಿಗೇ ಉಳಿಯಿತು. ಮುಂದಿನ ಋತುವಿನ ಅಂಪೈರ್‌ಗಳ ಮೊದಲ ಶಿಬಿರವನ್ನು ಮೇಷ್ಟ್ರೇ ನಡೆಸುತ್ತಾರೆ.